ನೀರು ಸುಮ್ಮನಿದ್ದ ಕಡೆ

ಗೋಕರ್ಣದ ಊರ ಮುಂದಿನ ಕಡಲತೀರದಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವುದು ಕುಡ್ಲೆ, ಆಮೇಲೆ ಓಂ, ಅದರಾಚೆ ಹಾಫ್ ಮೂನ್, ಕಡೆಗೆ ಪ್ಯಾರಡೈಸ್. ಕಡಲಿಗೆ ಚಾಚಿದ ಗುಡ್ಡದ ಒಂದೊಂದು ಮೂಗು ದಾಟಿದ ಹಾಗೂ ಒಂದೊಂದು ಅನುಕೂಲ ಹಿಂದೆ ಉಳಿದುಬಿಡುತ್ತದೆ. ಓಂ ಬೀಚಿನ ನೆತ್ತಿಯವರೆಗೆ ಆಟೋ ಬರುತ್ತದೆ. ಅಲ್ಲಿಂದ ಮುಂದೆ ಕಾಲುದಾರಿ. ಒಂದು ಬದಿ ಮುಳ್ಳುಗಿಡ, ಇನ್ನೊಂದು ಬದಿ ನೇರ ಕೆಳಗೆ ಬಂಡೆಗೆ ಬಡಿಯುವ ನೀರು. ಹಾಫ್ ಮೂನ್ ಮುಟ್ಟುವಷ್ಟರಲ್ಲಿ ಫೋನಿನ ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. ಪ್ಯಾರಡೈಸ್‌ಗೆ ಹೋಗಬೇಕೆಂದರೆ ದೋಣಿ, ಇಲ್ಲವೇ ಕಾಲು.

ಜನ ಅಲ್ಲಿಗೆ ಹೋಗುವುದೇ ಈ ದೂರಕ್ಕಾಗಿ. ನನಗೂ ಈ ಸಾಲಿನಲ್ಲಿ ಇಷ್ಟವಾದದ್ದು ಕಡೆಯ ಎರಡೇ. ಹಾಡಿನ ಗದ್ದಲವಿಲ್ಲ, ಒಂಟೆ ಸವಾರಿಯಿಲ್ಲ, ಜೆಟ್ ಸ್ಕೀ ಇಲ್ಲ. ಆದರೆ ಕರಾವಳಿಯಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಇಂಥ ಕಡೆ ಕಾಲಿಟ್ಟ ಕೂಡಲೇ ತಲೆಯಲ್ಲೊಂದು ಲೆಕ್ಕ ಶುರುವಾಗುತ್ತದೆ: ಇಲ್ಲಿ ಯಾರಿಗಾದರೂ ಏನಾದರೂ ಆದರೆ ಮೊದಲ ಕೈ ತಲುಪಲು ಎಷ್ಟು ಹೊತ್ತು ಬೇಕು? ಕಡಲತೀರವೊಂದು ಎಷ್ಟು ಅಪಾಯದ್ದು ಎಂಬುದನ್ನು ಅಲೆಯ ಎತ್ತರದಲ್ಲಿ ಅಳೆಯುವವರೇ ಹೆಚ್ಚು. ನಾನು ಈ ಹೊತ್ತಿನಲ್ಲಿ ಅಳೆಯುತ್ತೇನೆ.

ಬೆಂಗಳೂರಿನಲ್ಲಿ ಕೂತಿರುವ ನನಗೆ ಉದ್ದದ ವಾರಾಂತ್ಯ ಬಂತೆಂದರೆ ಫೋನು. ಆಫೀಸಿನವರು, ಪಕ್ಕದ ಫ್ಲಾಟಿನವರು, ಹೆಂಡತಿಯ ಕಡೆಯ ನೆಂಟರು. ಎಲ್ಲರದೂ ಒಂದೇ ಪ್ರಶ್ನೆ: "ಈಗ ಅಲೆ ಜೋರಿದ್ಯಾ ಸಾರ್?" ಜೋರಿಲ್ಲ ಅಂದರೆ ಆಯಿತು, ಚೀಲ ಕಟ್ಟುತ್ತಾರೆ. ಅವರ ತಪ್ಪಲ್ಲ. ಕಡಲನ್ನು ದೂರದಿಂದ ಕಂಡವರಿಗೆ ಅಲೆಯೇ ಕಡಲು. ಬಿಳಿ ನೊರೆ ಎಬ್ಬಿಸಿಕೊಂಡು ಬಂದು ಬೀಳುವುದೇ ಹೆದರಿಕೆಯ ವಸ್ತು. ಅದಕ್ಕೇ ಮಕ್ಕಳನ್ನು ಕರೆದುಕೊಂಡು ಬಂದವರು ದಡದುದ್ದ ಒಮ್ಮೆ ಕಣ್ಣಾಡಿಸಿ, ಅಲೆ ಒಡೆಯದ, ನೀರು ನಯವಾಗಿ ಕಾಣುವ ಜಾಗವನ್ನೇ ಹುಡುಕಿ ಇಳಿಯುತ್ತಾರೆ. ನೋಡುತ್ತ ನಿಂತ ಊರಿನವರಿಗೆ ಎದೆ ಝಲ್ಲೆನ್ನುವುದು ಆಗ.

ಕುಮಟಾ ಕಡೆಯ ದೋಣಿಯ ಹಿರಿಯರೊಬ್ಬರು ಒಮ್ಮೆ ಗುಡ್ಡದ ಮೇಲಿಂದ ಕೈ ತೋರಿಸಿ ಹೇಳಿದ್ದು ಇಷ್ಟೇ: "ತಮ್ಮಾ, ನೀರು ಸುಮ್ಮಗಿದ್ದಂಗೆ ಕಾಣ್ತದಲ್ಲ, ಅಲ್ಲೇ ಎಳೀತದೆ." ಅವರು ಹೇಳಿದ್ದರ ಹಿಂದಿನ ವಿಜ್ಞಾನ ಕಷ್ಟದ್ದೇನಲ್ಲ. ಅಲೆಗಳು ನೀರನ್ನು ಹೊತ್ತು ತಂದು ದಡಕ್ಕೆ ಸುರಿಯುತ್ತಲೇ ಇರುತ್ತವೆ. ತಂದ ನೀರು ಹೇಗಾದರೂ ಹಿಂದಕ್ಕೆ ಹೋಗಬೇಕಲ್ಲ. ದಡಕ್ಕೆ ತುಸು ದೂರದಲ್ಲಿ, ನೀರಿನಡಿ, ಮರಳ ದಿಬ್ಬಗಳಿರುತ್ತವೆ. ಜೋರು ಮಳೆಗೆ ಅಂಗಳದಲ್ಲಿ ನಿಂತ ನೀರು ಒಂದು ತಗ್ಗು ಹುಡುಕಿಕೊಂಡು ಹರಿದುಹೋಗುವ ಹಾಗೆ, ದಡದಲ್ಲಿ ಸೇರಿದ ನೀರೂ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ಕೊರೆದುಕೊಂಡು ಕಡಲಿಗೆ ಮರಳುತ್ತದೆ. ಅಲ್ಲಿ ಆಳ ಹೆಚ್ಚಾದ್ದರಿಂದ ಬರುವ ಅಲೆ ಒಡೆಯುವುದಿಲ್ಲ. ಒಡೆಯದ್ದರಿಂದ ನೊರೆಯಿಲ್ಲ, ನೊರೆಯಿಲ್ಲದ್ದರಿಂದ ನೀರು ಸುಮ್ಮನಿದ್ದಂತೆ ಕಾಣುತ್ತದೆ. ಇಂಗ್ಲಿಷಿನ ರಿಪ್ ಕರೆಂಟ್ ಇದೇ. ನಮ್ಮಲ್ಲಿ ಸೆಳವು ಎನ್ನುತ್ತೇವೆ.

ಎತ್ತರದಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ, ಗುಡ್ಡಗಳಿರುವ ಗೋಕರ್ಣದಲ್ಲಂತೂ ಎತ್ತರಕ್ಕೆ ಬರವಿಲ್ಲ. ದಡಕ್ಕೆ ಸಮನಾಗಿ ಬಿಳಿ ಗೆರೆಗಳು ಸಾಲುಸಾಲಾಗಿ ಬರುತ್ತಿರುತ್ತವೆ. ಒಂದು ಕಡೆ ಆ ಗೆರೆಗಳೆಲ್ಲ ತುಂಡಾಗಿರುತ್ತವೆ. ತುಂಡಾದಲ್ಲಿ ನೀರಿನ ಬಣ್ಣ ಪಕ್ಕದ್ದಕ್ಕಿಂತ ಗಾಢ, ಕೆಲವೊಮ್ಮೆ ಮರಳು ಕಲಕಿ ಕೆಂಪುಗಂದು. ಸ್ವಲ್ಪ ಹೊತ್ತು ಕಣ್ಣು ಅಲ್ಲೇ ನೆಟ್ಟರೆ ನೊರೆಯ ಚೂರುಗಳು, ಒಂದು ಒಣಎಲೆ, ಯಾರೋ ಎಸೆದ ಪ್ಲಾಸ್ಟಿಕ್ ಬಾಟಲಿ, ಎಲ್ಲ ದಡಕ್ಕೆ ಬರುವ ಬದಲು ಕಡಲಿನತ್ತ ಸಾಗುತ್ತಿರುತ್ತವೆ. ನೀರಿನ ಮೈಮೇಲೆ ಸಣ್ಣಸಣ್ಣ ಮುದುಡು. ಇದನ್ನು ನೋಡಲು ಹತ್ತು ನಿಮಿಷ ಸಾಕು. ಬಟ್ಟೆ ಬದಲಿಸುವ ಮೊದಲಿನ ಹತ್ತು ನಿಮಿಷ. ಕೆಳಗಿಳಿದು ಮರಳಿನ ಮೇಲೆ ನಿಂತರೆ ಇದ್ಯಾವುದೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಎದುರಿಗೆ ಕಾಣುವುದು ಬರೀ ನೀರು.

ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಿಂದ ಒಂದು ಮೀಟರ್. ಜೋರಾದಾಗ 2 ಮೀಟರ್ ದಾಟುತ್ತದೆ. 50 ಮೀಟರ್ ಈಜಿನಲ್ಲಿ ವಿಶ್ವದಾಖಲೆ ಮಾಡಿದವರ ವೇಗವೇ ಸೆಕೆಂಡಿಗೆ ಎರಡೂವರೆ ಮೀಟರಿಗೆ ತುಸು ಕಡಿಮೆ, ಅದೂ ಕೊಳದಲ್ಲಿ, ಇಪ್ಪತ್ತೊಂದು ಸೆಕೆಂಡಿನ ಮಟ್ಟಿಗೆ. ಹಾಗಿರುವಾಗ ಊರಿನ ಬಾವಿಯಲ್ಲೋ ಕೆರೆಯಲ್ಲೋ ಹೊಳೆಯಲ್ಲೋ ಕಲಿತ ಈಜು ಸೆಳವಿಗೆ ಎದುರಾಗಿ ಎಷ್ಟು ಹೊತ್ತು ನಡೆದೀತು? ಬಯಲುಸೀಮೆಯ ಗೆಳೆಯರು "ನಮಗೆ ಈಜು ಬರುತ್ತೆ ಬಿಡಿ" ಅಂದಾಗಲೇ ನನಗೆ ಹೆಚ್ಚು ದಿಗಿಲು. ಈಜು ಬಾರದವರು ಮೊಣಕಾಲುದ್ದಕ್ಕೆ ನಿಲ್ಲುತ್ತಾರೆ. ಬಲ್ಲವರು ಎದೆಮಟ್ಟಕ್ಕೆ ಹೋಗುತ್ತಾರೆ.

ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದು ಹೊರಕ್ಕೆ ಒಯ್ಯುತ್ತದೆ, ಅಲೆ ಒಡೆಯುವ ಗೆರೆ ದಾಟಿದ ಮೇಲೆ ಅದರ ಕಸುವು ಇಳಿಯುತ್ತದೆ. ಮುಳುಗಿಸುವುದು ದಣಿವು. ದಡ ಕಣ್ಣೆದುರೇ ಇದೆ, ಹತ್ತು ಮಾರು ಈಜಿದರೆ ಸಿಕ್ಕೀತು ಎಂದು ಸೆಳವಿಗೆ ಎದುರಾಗಿ ಕೈ ಬೀಸುತ್ತ ಬೀಸುತ್ತ ಉಸಿರು ಕಟ್ಟುತ್ತದೆ, ಬಾಯಿಗೆ ನೀರು ಹೋಗುತ್ತದೆ. ಮಾಡಬೇಕಾದದ್ದು ಮೊದಲು ಅಂಗಾತ ತೇಲುವುದು, ಉಸಿರು ಹಿಡಿತಕ್ಕೆ ತಂದುಕೊಳ್ಳುವುದು, ಕೈ ಮೇಲೆತ್ತಿ ಕರೆಯುವುದು. ತ್ರಾಣ ಇದ್ದರೆ ದಡಕ್ಕೆ ಸಮನಾಗಿ, ಅಲೆ ಒಡೆಯುತ್ತಿರುವ ಕಡೆಗೆ, ಅಡ್ಡ ಈಜುವುದು. ಅಲೆ ಒಡೆಯುತ್ತಿದೆ ಎಂದರೆ ಅಲ್ಲಿ ದಿಬ್ಬ ಇದೆ, ಆಳ ಕಡಿಮೆ ಎಂದರ್ಥ. ಹೆದರಿಸುವ ನೊರೆಯೇ ಆಗ ದಡಕ್ಕೆ ತಳ್ಳುವುದು.

ಇದು ಪನಂಬೂರಿನಂಥ ಉದ್ದ ಮರಳ ದಂಡೆಗೆ ಹೊಂದುವ ಮಾತು. ಹಾಫ್ ಮೂನ್‌ನಂಥ ಕಿರುಕೊಲ್ಲಿಯಲ್ಲಿ ಅಡ್ಡ ಈಜಲು ಎರಡು ದಿಕ್ಕು ಇರುವುದೇ ಇಲ್ಲ. ಎರಡೂ ತುದಿಗೆ ಬಂಡೆ. ಅಲೆ ಒಳಗೆ ತುಂಬಿದ ನೀರು ಬಂಡೆಯ ಮಗ್ಗುಲಿಗೇ ಹೊರಹೋಗುತ್ತದೆ, ಹಾಗಾಗಿ ಬಂಡೆಯ ಬುಡದಲ್ಲಿ ಸೆಳವು ಹೆಚ್ಚುಕಡಿಮೆ ಕಾಯಂ. ಅಲ್ಲಿ ಸಿಕ್ಕಿಕೊಂಡವರು ಬಂಡೆಯಿಂದ ದೂರಕ್ಕೆ, ಕೊಲ್ಲಿಯ ನಡುವಿಗೆ ಬರಬೇಕು. ಆದರೆ ಹೆದರಿದ ಮನಸ್ಸು ಹಿಡಿದುಕೊಳ್ಳಲು ಗಟ್ಟಿಯಾದ್ದೇನಾದರೂ ಹುಡುಕುತ್ತದೆ, ಬಂಡೆಯತ್ತಲೇ ಹೋಗುತ್ತದೆ. ಬಂಡೆಯ ಮೈತುಂಬ ಚಿಪ್ಪು. ಅಂಗೈ ಇಟ್ಟರೆ ಗರಗಸಕ್ಕೆ ಇಟ್ಟಂತೆಯೇ. ಮೇಲಿನ ಅಲೆ ಬಂದು ಎತ್ತಿ ಉಜ್ಜಿದರೆ ಎದೆಯಿಂದ ಮೊಣಕಾಲವರೆಗೆ ಸುಲಿದುಬಿಡುತ್ತದೆ.

ಬಂಡೆಯ ಮಾತು ಬಂತಾದ್ದರಿಂದ ಹೇಳಿಬಿಡುತ್ತೇನೆ. ನೀರಿಗೇ ಇಳಿಯದೆ ಜೀವ ಕಳೆದುಕೊಳ್ಳುವವರೂ ಇದ್ದಾರೆ, ಅವರಲ್ಲಿ ಹಲವರು ಫೋಟೊಕ್ಕೆಂದು ಬಂಡೆಯ ತುದಿಗೆ ಹೋದವರು. ನಮ್ಮಲ್ಲಿ ಇಳಿತದ ಹೊತ್ತಿಗೆ ಚಿಪ್ಪಿ ಕೀಳಲು ಬಂಡೆಗೆ ಹೋಗುವವರನ್ನು ಗಮನಿಸಿದ್ದೀರಾ? ಒಬ್ಬರಾದರೂ ಕಡಲಿಗೆ ಮುಖ ಮಾಡಿಯೇ ಇರುತ್ತಾರೆ. ಬಗ್ಗಿ ಕೀಳುವವರೂ ಮೂರು ಉಸಿರಿಗೊಮ್ಮೆ ತಲೆ ಎತ್ತುತ್ತಾರೆ. ಕಾಲಿಡುವುದು ಒಣಗಿ ಬೆಳ್ಳಗಾದ ಕಲ್ಲಿನ ಮೇಲೆ. ಕಪ್ಪಗೆ ಮಿರುಗುವ ಕಲ್ಲು ಎಂದರೆ ಅಲ್ಲಿಯವರೆಗೆ ನೀರು ಬಂದುಹೋಗಿದೆ, ಇನ್ನೂ ಬರಲಿದೆ ಎಂದೇ ಲೆಕ್ಕ. ಹಸಿರು ಪಾಚಿಯಿದ್ದರೆ ಕಾಲು ನಿಲ್ಲುವ ಮಾತೇ ಇಲ್ಲ. ಸೆಲ್ಫಿ ತೆಗೆಯುವವರು ನಿಲ್ಲುವುದು ಸರಿಯಾಗಿ ಆ ಕಪ್ಪುಕಲ್ಲಿನ ಮೇಲೆ, ಕಡಲಿಗೆ ಬೆನ್ನು ಹಾಕಿ.

ಅಲೆಗಳು ಒಂದೇ ಸಮ ಬರುವುದಿಲ್ಲ ಎಂಬುದು ಗೊತ್ತಿದ್ದರೆ ಬೆನ್ನು ಹಾಕಲು ಧೈರ್ಯ ಬಾರದು. ಮುನ್ಸೂಚನೆಯಲ್ಲಿ ಅಲೆ 2 ಮೀಟರ್ ಎಂದು ಬರೆದಿದ್ದರೆ ಅದು ಅತಿ ಎತ್ತರದ ಅಲೆಯ ಅಳತೆಯಲ್ಲ. ಬಂದ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ ಅದು. ಕೆಲವು ಗಂಟೆ ಕಾದರೆ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ್ದೊಂದು ಬರುವುದು ಲೆಕ್ಕದೊಳಗಿನ ಸಂಗತಿಯೇ. ಅರ್ಧ ಗಂಟೆ ಬಂಡೆ ಒಣಗಿತ್ತು ಎಂಬುದು ಮುಂದಿನ ನಿಮಿಷಕ್ಕೆ ಭರವಸೆಯಲ್ಲ.

ದೊಡ್ಡ ಅಲೆ ನಮ್ಮ ಆಕಾಶ ನೋಡಿಕೊಂಡೂ ಬರುವುದಿಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಅಲ್ಲಿ ಹುಟ್ಟಿದ ಉದ್ದಲೆಗಳು ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ದಡಕ್ಕೆ ಬರುತ್ತವೆ. ಹದಿನೈದು ಸೆಕೆಂಡಿಗೊಮ್ಮೆ ಬರುವಂಥ ಅಲೆಗಳ ಗುಂಪು ಆಳಕಡಲಿನಲ್ಲಿ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ಸಾಗುತ್ತದೆ. ಅಂದರೆ ಇಲ್ಲಿ ಗಾಳಿಯೇ ಇಲ್ಲದ, ಆಕಾಶ ತೊಳೆದಿಟ್ಟಂಥ ಬೆಳಿಗ್ಗೆ ದಡಕ್ಕೆ ಅಪ್ಪಳಿಸುವುದು ಐದಾರು ದಿನದ ಹಿಂದಿನ, ಬೇರೆ ಗೋಳಾರ್ಧದ ಬಿರುಗಾಳಿ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೋ ಆ ಹೆಸರನ್ನೇ ಒಪ್ಪಿಕೊಂಡಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಈಗ ಇದರ ಮುನ್ನೆಚ್ಚರಿಕೆ ಕೊಡುತ್ತದೆ, ನಮ್ಮ ಮೂರೂ ಕರಾವಳಿ ಜಿಲ್ಲೆಗಳಿಗೂ ಕೊಡುತ್ತದೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಗಣಪತಿಪುರದ ಹತ್ತಿರ ಐವರು ವೈದ್ಯಕೀಯ ವಿದ್ಯಾರ್ಥಿಗಳು ಕಡಲುಪಾಲಾದದ್ದು ಇಂಥದೇ ಮುನ್ನೆಚ್ಚರಿಕೆ ಜಾರಿಯಲ್ಲಿದ್ದಾಗ. ಎಚ್ಚರಿಕೆ ಹೊರಟಿತ್ತು, ಜೀವ ಮಾತ್ರ ಉಳಿಯಲಿಲ್ಲ.

ಮಳೆಗಾಲ ಬಿಟ್ಟರೆ ಉಳಿದದ್ದು ಸಲೀಸು ಎಂಬ ನಂಬಿಕೆ ನಮ್ಮಲ್ಲೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆಯಲ್ಲಿ ದಡದುದ್ದ ಬಲೆ ಕಟ್ಟಿ ಜನರನ್ನು ತಡೆಯುತ್ತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ 3 ಮೀಟರ್ ದಾಟಿದ ಅಲೆಯನ್ನು ನೋಡಿದರೆ ಯಾರಿಗೂ ಹೇಳಿಕೊಡಬೇಕಿಲ್ಲ, ಕಡಲೇ ಹೇಳುತ್ತದೆ. ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಹೋದದ್ದು 2024ರ ಡಿಸೆಂಬರ್ 10ರಂದು. ಡಿಸೆಂಬರ್. ಶಾಲಾ ಪ್ರವಾಸದ ತಿಂಗಳು, ಕರಾವಳಿಯ ಅತಿ ಚೆಂದದ ತಿಂಗಳು. ಅದೂ ದೂರದ ಕೊಲ್ಲಿಯಲ್ಲಲ್ಲ, ಜನ ಗಿಜಿಗುಟ್ಟುವ ದೇವಸ್ಥಾನದ ಮಗ್ಗುಲಲ್ಲಿ. ಕಡಲನ್ನೇ ಕಂಡಿರದ ಮಕ್ಕಳು ಮೊದಲ ಸಲ ನೀರಿಗೆ ಓಡುವಾಗಿನ ಆ ಖುಷಿ ನಾನು ಎಷ್ಟೋ ಸಲ ನೋಡಿದ್ದೇನೆ. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಆಮೇಲೆ ಆ ಬೀಚು ಮುಚ್ಚಿದರು, ಜೀವರಕ್ಷಕರನ್ನು ಹೆಚ್ಚಿಸಿ ಮತ್ತೆ ತೆರೆದರು.

ಜನರಿದ್ದ ಜಾಗದಲ್ಲೇ ಹೀಗಾದರೆ ಪ್ಯಾರಡೈಸ್‌ನಲ್ಲಿ? ನೀರು ಕುಡಿದು ಉಸಿರು ನಿಂತವರ ಮಿದುಳು ನಾಲ್ಕಾರು ನಿಮಿಷದಲ್ಲಿ ಹಾನಿಗೊಳ್ಳಲು ಶುರುವಾಗುತ್ತದೆ. ಆ ಹೊತ್ತಿಗೆ ಓಂ ಬೀಚಿನಿಂದ ಹೊರಟವರು ಮೊದಲ ಏರನ್ನೂ ಹತ್ತಿರುವುದಿಲ್ಲ. ಅಂದರೆ ಅಲ್ಲಿ ಉಸಿರು ಊದಬಲ್ಲವರು, ಎದೆ ಒತ್ತಬಲ್ಲವರು ನಿಮ್ಮ ಜೊತೆಗೇ ಇರಬೇಕು. ಹೊರಡುವ ಮೊದಲು ಒಂದು ಭಾನುವಾರ ಸಿಪಿಆರ್ ಕಲಿಯುವುದು, ಹೊಸ ಟ್ರೆಕ್ಕಿಂಗ್ ಬೂಟು ಕೊಳ್ಳುವುದಕ್ಕಿಂತ ಅಗತ್ಯದ ಕೆಲಸ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಆದರೆ ಫೋನು ಹೋಗಬೇಕಲ್ಲ! ಯಾವ ಬಂಡೆಯ ಮೇಲೆ ನಿಂತರೆ ಸಿಗ್ನಲ್ ಬರುತ್ತದೆ ಎಂದು ಬಂದ ಕೂಡಲೇ ನೋಡಿಟ್ಟುಕೊಳ್ಳುವುದು ನನ್ನ ರೂಢಿ. ಗೆಳೆಯರು ನಗುತ್ತಾರೆ, ನಗಲಿ.

ಅಲ್ಲಿಂದ ಹೊತ್ತು ತಂದರೂ ಮುಂದಿನ ದಾರಿ ಉದ್ದ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬುದು ಎಷ್ಟು ವರ್ಷದ ಕೂಗು! 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಬಿದ್ದು ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತ್ತು. ಗೋಕರ್ಣದಿಂದ ಮಣಿಪಾಲ 150 ಕಿಲೋಮೀಟರಿಗೂ ಹೆಚ್ಚು. ಪ್ರವಾಸಿಗರನ್ನು ಕರೆಯುವ ಜಾಹೀರಾತಿನಲ್ಲಿ ಈ ದೂರ ಬರೆದಿರುವುದಿಲ್ಲ.

ಒಬ್ಬರು ಸಿಕ್ಕಿಕೊಂಡಾಗ ಉಳಿಸಲು ಧುಮುಕಿದವರೂ ಹೋಗುವುದು ಈ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಸಾಲು. ಅಣ್ಣ ತಮ್ಮನಿಗಾಗಿ, ಅಪ್ಪ ಮಗಳಿಗಾಗಿ. ತಡೆಯಲು ಆಗುವ ಮಾತಲ್ಲ, ಯಾರಾದರೂ ಧುಮುಕಿಯಾರು. ಆದರೆ ಕೈಯಲ್ಲೊಂದು ತೇಲುವ ವಸ್ತು ಇದ್ದರೆ ಕತೆ ಬೇರೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಒಬ್ಬರ ಮುಖವನ್ನು ನೀರ ಮೇಲೆ ಇಡುತ್ತದೆ. ನೀರು ಕುಡಿದು ಮುಗಿಸಿದ ಕ್ಯಾನನ್ನು ಅಲ್ಲೇ ಎಸೆಯದೆ ಇಟ್ಟುಕೊಂಡರೆ ದಡವೂ ಸ್ವಚ್ಛ, ಜೀವಕ್ಕೂ ಆಸರೆ. ಜೊತೆಗೊಂದು ಹಗ್ಗ. ಕೈಕೈ ಹಿಡಿದು ಸಾಲಾಗಿ ನೀರಿಗಿಳಿಯುವುದು ಸಿನಿಮಾಕ್ಕೆ ಚೆಂದ. ಒಬ್ಬರ ಕಾಲಡಿಯ ಮರಳು ಜಾರಿದರೆ ಸಾಲಿಗೆ ಸಾಲೇ ಹೋಗುತ್ತದೆ.

ಇಷ್ಟು ಓದಿ ಕಡಲ ಸಹವಾಸವೇ ಬೇಡ ಅನ್ನಿಸಿದರೆ ನಾನು ಬರೆದದ್ದು ದಾರಿ ತಪ್ಪಿದೆ ಎಂದಾಯಿತು. ಇದೇ ಸೆಳವಿನ ಮೇಲೆ ಹತ್ತಿ ಹೋಗುವವರಿದ್ದಾರೆ. ದಡದಿಂದ ನಾಡದೋಣಿ ನೂಕುವವರು ಅಲೆ ಒಡೆಯದ ಗಂಡಿಯನ್ನೇ ಆರಿಸಿಕೊಳ್ಳುತ್ತಾರೆ. ದೊಡ್ಡಲೆಗಳ ಒಂದು ಗುಂಪು ಮುಗಿಯಲಿ ಎಂದು ಕಾದು, ನಡುವಿನ ಬಿಡುವಿನಲ್ಲಿ ಒಂದೇ ಉಸಿರಿಗೆ ನೂಕಿ ಹತ್ತುತ್ತಾರೆ. ಸರ್ಫಿಂಗ್ ಮಾಡುವವರೂ ಹಲಗೆಯ ಮೇಲೆ ಬೋರಲು ಮಲಗಿ ಹೊರಹೋಗುವುದು ಆ ಗಂಡಿಯಲ್ಲೇ, ಪುಕ್ಕಟೆ ಸವಾರಿ. ಮೂಲ್ಕಿಯಲ್ಲಿ ಎರಡು ದಶಕದ ಹಿಂದೆ ಶುರುವಾದ ಸರ್ಫಿಂಗ್ ಇವತ್ತು ಮೀನುಗಾರರ ಮನೆಯ ಹುಡುಗರನ್ನೂ ಹಲಗೆಯ ಮೇಲೆ ನಿಲ್ಲಿಸಿದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ 2024ರ ಇಂಡಿಯನ್ ಓಪನ್ ನಡೆದದ್ದು ಮೇ ಕೊನೆಗೆ, ಮುಂಗಾರಿನ ಮುಂಚಿನ ಅಲೆ ಎದ್ದ ಹೊತ್ತಿಗೆ. ನಾವು ಫೋನಿನಲ್ಲಿ ಬರಬೇಡಿ ಎನ್ನುವ ವಾರವೇ ಅವರಿಗೆ ಹಬ್ಬ. ವ್ಯತ್ಯಾಸ ಇಷ್ಟೇ: ಅವರ ಕಾಲಿಗೆ ಹಗ್ಗ ಕಟ್ಟಿದ, ಮುಳುಗದ ಹಲಗೆಯಿದೆ, ನೀರಿನಲ್ಲಿ ಇನ್ನೊಬ್ಬರ ಕಣ್ಣಿದೆ, ಆ ಅಳಿವೆಯ ಮರಳು ಈ ವರ್ಷ ಎತ್ತ ಸರಿದಿದೆ ಎಂಬುದು ಗೊತ್ತಿದೆ.

ಮರಳು ಸರಿಯುವುದು ಮುಖ್ಯ. ಮುಂಗಾರು ದಡದ ಮರಳನ್ನು ಕಡಲೊಳಗೆ ಒಯ್ಯುತ್ತದೆ, ನಂತರದ ತಿಂಗಳುಗಳ ಸಣ್ಣ ಅಲೆ ನಿಧಾನ ವಾಪಸು ತರುತ್ತದೆ. ಹೋದ ಜನವರಿಯಲ್ಲಿ ಸೊಂಟದುದ್ದ ನಿಂತು ಆಡಿದ ಜಾಗ ಈ ಅಕ್ಟೋಬರಿನಲ್ಲಿ ಆಳದ ಕಾಲುವೆಯಾಗಿರಬಹುದು. ದಿನದೊಳಗೂ ಹಾಗೆಯೇ. ನಮ್ಮಲ್ಲಿ ಉಬ್ಬರ ಇಳಿತದ ಅಂತರ ಅಮಾವಾಸ್ಯೆ ಹುಣ್ಣಿಮೆಗೆ ಒಂದೂವರೆಯಿಂದ ಎರಡು ಮೀಟರ್, ಅಷ್ಟಮಿಯ ಆಸುಪಾಸು ಕಡಿಮೆ. ಇಳಿತದಲ್ಲಿ ದಿಬ್ಬಗಳು ಮೇಲೆದ್ದು ನೀರೆಲ್ಲ ಕಾಲುವೆಗೇ ನುಗ್ಗುವುದರಿಂದ ಸೆಳವು ಬಿಗಿಯಾಗುವುದು ಸಾಮಾನ್ಯವಾಗಿ ಆಗಲೇ. ಉಬ್ಬರದಲ್ಲಿ ಇನ್ನೊಂದು ಪೇಚು: ಬರುವಾಗ ನಡೆದು ಬಂದ ಬಂಡೆಯ ಬುಡ ವಾಪಸು ಹೋಗುವಾಗ ನೀರೊಳಗಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಗಡಿಯಾರ ಇವತ್ತಿಗೆ ಬಾರದು.

ಇದನ್ನೆಲ್ಲ ಹೇಳಬೇಕಾದ ಫಲಕಗಳು ಏನು ಹೇಳುತ್ತವೆ? "ಅಪಾಯ. ನೀರಿಗೆ ಇಳಿಯಬಾರದು." ಕೆಂಪು ಅಕ್ಷರ, ಒಂದು ತಲೆಬುರುಡೆ. ಇಡೀ ದಡಕ್ಕೆ ಅದೇ ಫಲಕ, ಇಡೀ ವರ್ಷಕ್ಕೆ ಅದೇ. ಫಲಕದ ಮುಂದೆಯೇ ನೂರು ಜನ ಆಡುತ್ತಿರುವುದನ್ನು ಕಂಡವರು ಅದನ್ನು ನಂಬಲು ಕಾರಣವೇನು? ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದವು. ಈಜಲು ಗುರುತು ಹಾಕಿದ ಜಾಗ, ಕಾಯಲು ಜನ, ಎಲ್ಲ ಅದರ ಷರತ್ತಿನಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ನಾನು ಹೇಳುವುದು ಅಲ್ಲಿಗೇ. ಆದರೆ ರಾಜ್ಯದ ಉದ್ದಾನುದ್ದ ದಡಕ್ಕೆಲ್ಲ ಕಾವಲು ಹಾಕುವುದು ಆಗದ ಮಾತು, ಹಾಕಿದರೆ ಪ್ಯಾರಡೈಸ್ ಪ್ಯಾರಡೈಸ್ ಆಗಿಯೂ ಉಳಿಯದು.

ಅಂಥ ಕಡೆ ತಲೆಬುರುಡೆಯ ಬದಲು ಒಂದು ಫೋಟೊ ಹಾಕಿ ಎಂಬುದು ನನ್ನ ಬೇಡಿಕೆ. ಹಾಫ್ ಮೂನ್‌ಗೆ ಇಳಿಯುವ ದಾರಿಯಲ್ಲಿ, ಕೊಲ್ಲಿ ಪೂರ್ತಿ ಕಾಣುವ ತಿರುವೊಂದರಲ್ಲಿ, ಅಲ್ಲಿಂದಲೇ ಇಳಿತದ ಹೊತ್ತಿಗೆ ತೆಗೆದ ಫೋಟೊ. ಅದರ ಮೇಲೆ ಕೆಂಪು ಬಾಣ: ನೀರು ಹೊರಹೋಗುವುದು ಇಲ್ಲಿ. ಪಕ್ಕದಲ್ಲಿ ಆಸರೆಗೊಂದು ರಿಂಗು, ಹಗ್ಗ, ಸಿಗ್ನಲ್ ಸಿಗುವ ಜಾಗದ ಗುರುತು. ಪ್ರತಿ ಅಕ್ಟೋಬರಿನಲ್ಲಿ ಮರಳು ನೆಲೆನಿಂತ ಮೇಲೆ ಹೊಸ ಫೋಟೊ, ಬಾಣ ಸರಿಸಬೇಕಾದರೆ ಸರಿಸುವುದು. ಬಾಣ ಎಲ್ಲಿರಬೇಕೆಂದು ಹೇಳಲು ತಜ್ಞರ ಸಮಿತಿ ಬೇಕಿಲ್ಲ, ಓಂ ಬೀಚಿನಿಂದ ದಿನಾ ದೋಣಿ ಬಿಡುವವರನ್ನು ಕೇಳಿದರೆ ಸಾಕು. ಕೇಳಿದ್ದಕ್ಕೆ ಒಂದು ದಿನದ ಕೂಲಿ ಕೊಡಿ, ಯಾಕೆಂದರೆ ಅಕ್ಟೋಬರ್ ಅವರಿಗೆ ದುಡಿಮೆಯ ತಿಂಗಳು.